ಬೆವರಿದ್ದು ಯಾರ ಕೈ?

ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: ‘5 ವರ್ಷದ ಮಗನ ದವಡೆಹಲ್ಲು ಹುಳುಕಾಗಿದೆ. ಎರಡು ಸಲ ಮಡಿಕೇರಿಗೆ ಕರೆದೊಯ್ದೆ. ಎರಡು ಸಲವೂ ಕುರ್ಚಿ ಕಂಡದ್ದೇ ತಡ, ಕಿರುಚಿ ಬಾಗಿಲಿಗೆ ಓಡಿದ. ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡು ಅನ್ನುತ್ತಾರೆ ಅತ್ತೆ. ನಿಜ ಹೇಳಬೇಕೆಂದರೆ ಆ ಕುರ್ಚಿ ನೋಡಿದರೆ ನನಗೂ ಕೈ ಬೆವರುತ್ತದೆ.’

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ ತಾಯಿ. ಅವನ ಕೈ ನಿಮ್ಮ ಕೈಯೊಳಗಿತ್ತಲ್ಲ, ಆ ಬೆವರು ಅವನಿಗೆ ಗೊತ್ತಾಗದೆ ಇರುತ್ತದೆಯೇ? ದೂರುತ್ತಿಲ್ಲ, ನಾನೂ ಅದೇ ಸಾಲಿನವನು. ಚಿಕ್ಕವನಿದ್ದಾಗ ‘ಸುಮ್ನೆ ನೋಡ್ತಾರಷ್ಟೆ’ ಎಂದು ನಂಬಿಸಿ ಕೂರಿಸಿದ್ದರು. ಇಕ್ಕಳ ಬಾಯೊಳಗೆ ಹೋದಮೇಲೆ ವಿಷಯ ತಿಳಿಯಿತು. ಆಮೇಲೆ 30 ವರ್ಷ ಆ ಕಡೆ ತಲೆ ಹಾಕಲಿಲ್ಲ. ಈಗ ಎಡಗಡೆ ಅಗಿಯಲು ಹಲ್ಲೇ ಇಲ್ಲ.

ಹಾಗಾಗಿ ‘ನೋವೇ ಆಗಲ್ಲ’ ಎನ್ನಬೇಡಿ. ಅವನ ತಲೆಯಲ್ಲಿ ಇಲ್ಲದ ನೋವನ್ನು ನೀವೇ ತಂದು ಹಾಕಿದಂತಾಗುತ್ತದೆ. ‘ಊಟ ಮಾಡದಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ’ ಅನ್ನುವುದು ತೋಟದ ಕೆಲಸಗಾರರ ಲೈನ್‌ಮನೆಯಿಂದ ಕೊಡವ ಮನೆತನಗಳ ಐನ್‌ಮನೆಯವರೆಗೂ ಕೇಳುವ ಮಾತು. ಅದೂ ಬೇಡ.

ಅತ್ತೆಯವರ ಮಾತು ಮುಂದಿನ ಹಲ್ಲುಗಳಿಗೆ ಸರಿ, 6-7 ವರ್ಷಕ್ಕೆ ಅಲ್ಲಾಡುತ್ತವೆ. ದವಡೆಯ ಹಾಲುಹಲ್ಲು ಬೀಳಲು ಮಗುವಿಗೆ ಸುಮಾರು 9ರಿಂದ 12 ವರ್ಷವಾಗಬೇಕು. ಅಲ್ಲಿಯವರೆಗೆ ಹುಳುಕನ್ನು ಇಟ್ಟುಕೊಂಡು ಕೂರಲಾದೀತೆ? ಬೇಗ ಹೋದರೂ ಕಷ್ಟವೇ: ಪಕ್ಕದ ಹಲ್ಲು ಆ ಜಾಗಕ್ಕೆ ಜರುಗಿ, ಮುಂದೆ ಬರುವ ಹಲ್ಲು ಸೊಟ್ಟಗಾಗಬಹುದು.

ವಿರಾಜಪೇಟೆಯ ದಂತ ಕಾಲೇಜಿನಲ್ಲಿ ಮಕ್ಕಳ ಹಲ್ಲಿಗೆಂದೇ ಬೇರೆ ವಿಭಾಗವಿದೆ. ನಿಮ್ಮಲ್ಲಿಂದ ದೂರ, ಈ ಮಳೆಯಲ್ಲಂತೂ ಇನ್ನೂ ದೂರ; ಆದರೆ ಮಕ್ಕಳನ್ನು ಪಳಗಿಸುವ ಕೈಯೇ ಬೇರೆ. ಅಮೆರಿಕದ ದಂತವೈದ್ಯ ಆಡಲ್‌ಸ್ಟನ್ 1959ರಲ್ಲಿ ಬರೆದಿಟ್ಟ ‘ಹೇಳು, ತೋರಿಸು, ಮಾಡು’ ಕ್ರಮ ಇವತ್ತಿಗೂ ನಡೆಯುತ್ತಿದೆ. ಗಾಳಿ ಊದುವ ಕೊಳವೆಯನ್ನು ಮೊದಲು ಮಗುವಿನ ಅಂಗೈಗೆ ಹಿಡಿಯುತ್ತಾರೆ. ಕಚಗುಳಿಯಾಗಿ ನಗುತ್ತದೆ. ಪುಟ್ಟ ಕನ್ನಡಿಯನ್ನು ಕೈಗೇ ಕೊಡುತ್ತಾರೆ. ಬಾಯಿಯ ಸರದಿ ಆಮೇಲೆ. ಅವಸರವಿಲ್ಲದಿದ್ದರೆ ಮೊದಲ ದಿನ ಬರೀ ಹಲ್ಲು ಎಣಿಸಿ ಕಳಿಸುವುದೂ ಉಂಟು. ಕೆಲವು ಹುಳುಕನ್ನು ಕೊರೆಯದೆಯೇ, ಬೆಳ್ಳಿ ಬೆರೆತ ಫ್ಲೋರೈಡ್ ದ್ರವ ಹಚ್ಚಿ ತಡೆಯಬಹುದು. ಆ ಜಾಗ ಕಪ್ಪಾಗುತ್ತದೆ. ನಿಮ್ಮ ಮಗನಿಗೆ ಆಗುತ್ತದೆಯೇ ಎಂದು ಕೇಳಿ ನೋಡಿ.

ನಿದ್ದೆಯ ಹೊತ್ತು ಬೇಡ, ಬೆಳಗ್ಗೆಯೇ ಹೋಗಿ. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಇದ್ಯಾವುದಕ್ಕೂ ಕಾಯದೆ ಅಂದೇ ಹೊರಡಿ.

ಅಂದಹಾಗೆ, ಅತ್ತೆಯವರಿಗೆ ಆ ಕುರ್ಚಿಯ ಭಯ ಇದ್ದಂತಿಲ್ಲ. ಮೊಮ್ಮಗನನ್ನು ಅವರೇ ಮಡಿಲಲ್ಲಿ ಕೂರಿಸಿಕೊಳ್ಳಲಿ. ನೀವು ಹೊರಗೆ ಒಂದು ಕಾಫಿ ಕುಡಿಯಿರಿ.

– ಸಂ.