ಕ್ವೇಸಾರ್ ಎಷ್ಟಿವೆ ಎಂದು ಕೇಳುವ ಮೊದಲು

ಪ್ರಶ್ನೆ: ಕ್ವೇಸಾರ್‌ಗಳು ಏಳೂವರೆ ಲಕ್ಷ ಎಂದು ಒಂದು ಕಡೆ, 66 ಲಕ್ಷ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕ್ವೇಸಾರ್ ಎಂದರೆ ದೂರದ ಗ್ಯಾಲಕ್ಸಿಯೊಂದರ ನಡುವೆ ದೈತ್ಯ ಕಪ್ಪುಕುಳಿಯ ಸುತ್ತ ಕಾದ ಅನಿಲದಿಂದ ಪ್ರಖರವಾಗಿ ಹೊಳೆಯುವ ಕಾಯ. ತಪ್ಪು ಓದುಗರದಲ್ಲ, ಎರಡು ಬೇರೆ ಪಟ್ಟಿಗಳನ್ನು ಒಂದೇ ಎಂಬಂತೆ ಬರೆಯುವವರದು. ಸ್ಲೋನ್ ಸರ್ವೆ ಎಂಬ ಆಕಾಶ ಸಮೀಕ್ಷೆಯ 2020ರ ಪಟ್ಟಿಯಲ್ಲಿರುವ 7,50,414 ಕ್ವೇಸಾರ್‌ಗಳು ರೋಹಿತ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದಾಗ ಸಿಗುವ ಪಟ್ಟೆ) ನೋಡಿ ಗುರುತಿಸಿದವು. ಗಾಯಾ ಉಪಗ್ರಹದ 2022ರ 66 ಲಕ್ಷ ಬರೀ ಸಂಭಾವ್ಯ ಕಾಯಗಳು. ಅವುಗಳಲ್ಲಿ ಅರ್ಧದಷ್ಟೇ ಕ್ವೇಸಾರ್ ಎಂದು ಆ ತಂಡವೇ ಹೇಳಿದೆ. ಹೆಚ್ಚು ಖಾತ್ರಿ ಬೇಕಾದವರಿಗೆ ಸುಮಾರು 19 ಲಕ್ಷದ ಉಪಪಟ್ಟಿಯನ್ನೂ ಕೊಟ್ಟಿದೆ.

ಬಣ್ಣ ನೋಡಿ ಆರಿಸಿದರೆ ಸಾಲದು. ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕಿನ ತರಂಗಾಂತರ ಎಷ್ಟು ಪಾಲು ಉದ್ದವಾಗಿದೆ ಎಂಬ ಅಳತೆ) 2.2ರ ಒಳಗಿದ್ದರೆ ಕ್ವೇಸಾರ್ ನೇರಳಾತೀತದಲ್ಲಿ ಹೊಳೆದು ನಕ್ಷತ್ರಗಳ ನಡುವೆ ಎದ್ದು ಕಾಣುತ್ತದೆ. 2.7ರ ಸುತ್ತ ಅದರ ಬಣ್ಣ ಸಾಮಾನ್ಯ ನಕ್ಷತ್ರದ ಬಣ್ಣದೊಳಗೆ ಬೆರೆತುಹೋಗುತ್ತದೆ. 6 ದಾಟಿದರೆ ಕಂದು ಕುಬ್ಜಗಳು, ಅಂದರೆ ನಕ್ಷತ್ರವಾಗಲಾರದ ಮಂದ ಕಾಯಗಳು, ದಾರಿ ತಪ್ಪಿಸುತ್ತವೆ.

ರೋಹಿತ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ. 560 ನ್ಯಾನೊಮೀಟರ್‌ನಲ್ಲಿ ಒಂದೇ ಒಂದು ಅಗಲ ರೇಖೆ ಕಂಡಿತೆನ್ನಿ. ಅದು ಮೂಲದಲ್ಲಿ ಮೆಗ್ನೀಸಿಯಂನ 279.8 ನ್ಯಾನೊಮೀಟರ್ ರೇಖೆ ಆಗಿದ್ದರೆ ಪಲ್ಲಟ 1.0, ಇಂಗಾಲದ 154.9 ಆಗಿದ್ದರೆ 2.6, ಹೈಡ್ರೋಜನ್ನಿನ ಲೈಮನ್ ಆಲ್ಫಾ 121.6 ಆಗಿದ್ದರೆ 3.6. ಎರಡನೇ ರೇಖೆ ಹುಡುಕದೆ ಪಲ್ಲಟ ಬರೆಯಲೇಬೇಡಿ. ಇಂಗಾಲವಾದರೆ 440ರ ಹತ್ತಿರ ಲೈಮನ್ ಆಲ್ಫಾ ಸಿಗಬೇಕು. ಲೈಮನ್ ಆಲ್ಫಾವೇ ಆದರೆ ಇಂಗಾಲ 712ರ ಬಳಿ ಬರಬೇಕು, ರೇಖೆಯ ನೀಲಿ ಬದಿಯ ಬೆಳಕು ತುಂಡುತುಂಡಾಗಿ ತಗ್ಗಿರಬೇಕು. 1963ರಲ್ಲಿ ಖಗೋಳಜ್ಞ ಮಾರ್ಟಿನ್ ಶ್ಮಿಟ್ 3ಸಿ 273 ಎಂಬ ಕ್ವೇಸಾರ್ ಗುಟ್ಟು ಬಿಡಿಸಿದ್ದೂ ಹೀಗೆಯೇ: ಹೈಡ್ರೋಜನ್ ರೇಖೆಗಳ ಇಡೀ ಸಾಲು ಶೇ 16ರಷ್ಟು ಸರಿದಿತ್ತು. ಒಂದೇ ರೇಖೆಯಿಂದ ಅದು ಸಾಧ್ಯವಿರಲಿಲ್ಲ.

ಇನ್ನು ಎಣಿಕೆ. ಎಷ್ಟು ಚದರ ಡಿಗ್ರಿ ಆಕಾಶ, ಯಾವ ಕಾಂತಿಮಾನದವರೆಗೆ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂದ), ಯಾವ ಪಲ್ಲಟದ ನಡುವೆ ಎಂಬುದಿಲ್ಲದ ಸಂಖ್ಯೆಗೆ ಬೆಲೆಯಿಲ್ಲ. ಸ್ಲೋನ್‌ನ ಮೊದಲ ಉಪಕರಣದಲ್ಲಿ 55 ಆರ್ಕ್‌ಸೆಕೆಂಡಿಗಿಂತ (ಒಂದು ಡಿಗ್ರಿಯ 3,600ರಲ್ಲೊಂದು ಭಾಗ ಒಂದು ಆರ್ಕ್‌ಸೆಕೆಂಡ್) ಹತ್ತಿರದ ಎರಡು ಕಾಯಗಳಿಗೆ ಒಂದೇ ಫಲಕದಲ್ಲಿ ಬೆಳಕು ಒಯ್ಯುವ ಫೈಬರ್ ಹಾಕಲು ಆಗುತ್ತಿರಲಿಲ್ಲ. ಹಾಗೆ ಬಿಟ್ಟುಹೋದವುಗಳ ಲೆಕ್ಕ ಸರಿಪಡಿಸದೆ ಕ್ವೇಸಾರ್ ಜೋಡಿಗಳು ಅಪರೂಪ ಎಂದು ತೀರ್ಮಾನಿಸಿದರೆ ಅದು ಬರೀ ಉಪಕರಣದ ಮಿತಿ.

ಪ್ರಶ್ನೆ: ಕ್ವೇಸಾರ್ ಎಂದರೆ ರೇಡಿಯೊ ಮೂಲವೇ ಅಲ್ಲವೇ?

ಅಲ್ಲ. ರೇಡಿಯೊದಲ್ಲಿ ಪ್ರಬಲವಾಗಿರುವವು ನೂರಕ್ಕೆ ಸುಮಾರು ಹತ್ತು.

ಪ್ರಶ್ನೆ: ‘ಕ್ವೇಸಾರ್ ಶಕ್ತಿ’ಯ ಪದಕ ಧರಿಸಬಹುದೇ?

ಶುದ್ಧ ಮೋಸ. ದುಡ್ಡು ಕೊಡಬೇಡಿ.

ಪ್ರಶ್ನೆ: ಮನೆಯ ದೂರದರ್ಶಕದಲ್ಲಿ ಕಾಣುತ್ತದೆಯೇ?

3ಸಿ 273 ಕಾಣುತ್ತದೆ. ಕನ್ಯಾ ರಾಶಿಯಲ್ಲಿದೆ, ಕಾಂತಿಮಾನ ಸುಮಾರು 12.9. ಎಂಟು ಇಂಚಿನ ದೂರದರ್ಶಕ, ಚಂದ್ರನಿಲ್ಲದ ಏಪ್ರಿಲ್ ರಾತ್ರಿ, ಊರ ದೀಪಗಳಿಂದ ದೂರದ ಜಾಗ ಬೇಕು. ನೋಡಲು ಅದು ನಕ್ಷತ್ರದ ಹಾಗೆಯೇ ಇರುವುದರಿಂದ 14ನೇ ಕಾಂತಿಮಾನದವರೆಗಿನ ನಕ್ಷೆಯಿಟ್ಟು ಅಕ್ಕಪಕ್ಕದ ಚುಕ್ಕಿಗಳನ್ನು ಒಂದೊಂದಾಗಿ ಹೋಲಿಸಿ ನೋಡಿ.