ಪರದೆಯ ಹಿಂದಿನ ಡ್ರೈವ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಲ್-ಇನ್-ಒನ್ ಕಂಪ್ಯೂಟರುಗಳ ಒಳಗಿನ ಡ್ರೈವ್ ಬದಲಿಸುವುದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಆಲ್-ಇನ್-ಒನ್ ಕಂಪ್ಯೂಟರಿಗೆ ಏಳು ವರ್ಷವಾಗಿದೆ. ಒಳಗೆ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ವಿಂಡೋಸ್ ತೆರೆದುಕೊಳ್ಳಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಬಳಕೆ ಸದಾ ಶೇ 100 ಎಂದೇ ತೋರಿಸುತ್ತದೆ. ರ‍್ಯಾಮ್ ಹೆಚ್ಚಿಸಬೇಕೋ, ಡ್ರೈವ್ ಬದಲಿಸಬೇಕೋ? ಯಾವ ಎಸ್‌ಎಸ್‌ಡಿ ಕೊಳ್ಳಬೇಕೆಂದು ತಿಳಿಸಿ.

ಉತ್ತರ: ನೀವು ಬರೆದಿರುವ ಲಕ್ಷಣಗಳು ಹಾರ್ಡ್ ಡಿಸ್ಕಿನ ಕಡೆಗೇ ಬೆರಳು ಮಾಡುತ್ತವೆ. ಈ ಬಗೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಅದು ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ತೆಗೆದುಕೊಳ್ಳುವುದರಿಂದ, ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಐದೂವರೆ ಮಿಲಿಸೆಕೆಂಡ್ ಕಾಯಬೇಕು. ತೋಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಯುವ ಹೊತ್ತು ಬೇರೆ. ಚದುರಿ ಬಿದ್ದಿರುವ ಸಣ್ಣ ಸಣ್ಣ ಕಡತಗಳನ್ನು ಹುಡುಕುವಾಗ ಇಂಥ ಡಿಸ್ಕ್ ಸೆಕೆಂಡಿಗೆ ನೂರು ಬೇಡಿಕೆಗಳನ್ನೂ ಪೂರೈಸಲಾರದು. ವಿಂಡೋಸ್ ಶುರುವಾಗುವಾಗ ನಡೆಯುವುದು ಬಹುಪಾಲು ಇದೇ ಕೆಲಸ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಚಿಪ್‌ಗಳಲ್ಲಿದ್ದು, ತಿರುಗುವ ಭಾಗವೇ ಇಲ್ಲದ ಕಾರಣ ಅದೇ ಹೊತ್ತಿನಲ್ಲಿ ಸಾವಿರಾರು ಬೇಡಿಕೆಗಳು ಮುಗಿದಿರುತ್ತವೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಅದನ್ನೂ ಹೆಚ್ಚಿಸುವುದು ಒಳ್ಳೆಯದು, ಏಕೆಂದರೆ ರ‍್ಯಾಮ್ ಸಾಲದಾದಾಗ ಕಂಪ್ಯೂಟರ್ ಅದೇ ನಿಧಾನದ ಡಿಸ್ಕಿನ ಮೇಲೆ ತನ್ನ ಹೊರೆ ಇಳಿಸುತ್ತದೆ. 8 ಜಿಬಿ ಇದ್ದರೆ ಮೊದಲು ಡ್ರೈವ್ ಬದಲಿಸಿ ನೋಡಿ.

ಯಾವ ಎಸ್‌ಎಸ್‌ಡಿ ಎಂಬ ಪ್ರಶ್ನೆಗೆ ಈಗಲೇ ಉತ್ತರ ಕೊಡಲಾಗದು, ಕೊಡಲೂಬಾರದು. ಬಿಡಿ ಡೆಸ್ಕ್‌ಟಾಪಿನ ದೊಡ್ಡ ಪೆಟ್ಟಿಗೆಯಲ್ಲಿ ಯಾವ ಡ್ರೈವ್ ತಂದರೂ ಕೂರಿಸಲು ಎಲ್ಲಾದರೂ ಒಂದು ಜಾಗ ಸಿಗುತ್ತದೆ. ಆಲ್-ಇನ್-ಒನ್ ಎಂದರೆ ಪರದೆಯ ಬೆನ್ನಿಗೆ ಅಂಟಿಸಿದ ಲ್ಯಾಪ್‌ಟಾಪ್ ಇದ್ದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇದರೊಳಗೆ ಮಿಲಿಮೀಟರಿನ ಲೆಕ್ಕದಲ್ಲಿ ನಿಜವಾಗುತ್ತದೆ. ಆದ್ದರಿಂದ ಯಂತ್ರದ ಹಿಂಭಾಗದಲ್ಲಿ ಅಥವಾ ಕಾಲಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಿಂದ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಜಾಲತಾಣದಿಂದ ಅದೇ ಸಂಖ್ಯೆಯ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಸಂಖ್ಯೆಯ ಕೊನೆಯ ಅಕ್ಷರಗಳನ್ನು ಬಿಡಬೇಡಿ. ಒಂದೇ ಹೆಸರಿನಲ್ಲಿ ಮಾರಾಟವಾದ ಎರಡು ಯಂತ್ರಗಳಲ್ಲಿ ಒಂದರ ಮದರ್‌ಬೋರ್ಡಿನ ಮೇಲೆ ಎಂ.2 ಕನೆಕ್ಟರ್ (ಕಡ್ಡಿಯಂಥ ತೆಳು ಎಸ್‌ಎಸ್‌ಡಿ ಸಿಕ್ಕಿಸುವ ಜಾಗ) ಇದ್ದು, ಇನ್ನೊಂದರಲ್ಲಿ ಅದೇ ಜಾಗ ಬರಿದಾಗಿರುವುದು ಅಪರೂಪವೇನಲ್ಲ.

ಮ್ಯಾನ್ಯುಯಲ್‌ನಲ್ಲಿ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕುಗಳೂ ಬಳಸುವ ಹಳೆಯ ಬಗೆಯ ಸಂಪರ್ಕ) ಡ್ರೈವ್ ಎಂದಿದ್ದರೆ ಕೆಲಸ ಸರಳ. ಅದೇ ಅಳತೆಯ ಸಾಟಾ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪ ಇರುತ್ತವೆ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ಆಗಿದ್ದರೂ ಅದರ ಟ್ರೇಗೆ ಹೊಸದನ್ನು ಅದೇ ಸ್ಕ್ರೂಗಳಿಂದ ಬಿಗಿದು, ಅದೇ ಕೇಬಲ್ ಸಿಕ್ಕಿಸಿದರೆ ಸಾಕು. ಎಂ.2 ಜಾಗವಿದ್ದರೆ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದು ಉದ್ದ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, 2242 ಎಂದರೆ ಉದ್ದ 42 ಮಾತ್ರ. ಎರಡನೆಯದು ಭಾಷೆ: ನೋಡಲು ಬಹುತೇಕ ಒಂದೇ ತೆರನಾದ ಎಂ.2 ಕಡ್ಡಿಗಳಲ್ಲಿ ಕೆಲವು ಸಾಟಾ, ಕೆಲವು ಅದಕ್ಕಿಂತ ವೇಗದ ಎನ್‌ವಿಎಂಇ. ಒಂದನ್ನಷ್ಟೇ ಒಪ್ಪುವ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಅದು ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ. ವೈ-ಫೈ ಕಾರ್ಡ್ ಕೂರುವ ಜಾಗವೂ ಎಂ.2 ಕುಟುಂಬದ್ದೇ ಆದರೂ ಅದರ ಕಚ್ಚು ಬೇರೆ. ಅದು ಎಸ್‌ಎಸ್‌ಡಿಗೆ ಸಲ್ಲದು. ದಪ್ಪನೆಯ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಅಂಟಿಸಿ ಮಾರುವ ಎಸ್‌ಎಸ್‌ಡಿಗಳನ್ನು ಇಲ್ಲಿ ದೂರವಿಡಿ, ಹಿಂಬದಿಯ ಮುಚ್ಚಳ ಕೂರುವುದಿಲ್ಲ.

ವೇಗದ ಅಂಕಿಗಳಿಗೆ ಮರುಳಾಗಬೇಕಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಮದರ್‌ಬೋರ್ಡಿನ ಪಿಸಿಐಇ 3.0 ಎಂಬ ಸಂಪರ್ಕದ ನಾಲ್ಕು ಹಾದಿಗಳನ್ನು ಬಳಸುವ ಒಳ್ಳೆಯ ಎನ್‌ವಿಎಂಇ 3,500 ಎಂಬಿವರೆಗೆ ಓದಬಲ್ಲದು. ಆದರೆ ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಮನೆಮಂದಿಗೆಲ್ಲ ತಿಳಿಯುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದದ್ದು ದೊಡ್ಡ ವಿಡಿಯೊ ಕಡತಗಳನ್ನು ಸಾಗಿಸುವವರನ್ನು ಬಿಟ್ಟರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಪ್ರಶ್ನೆ: ನನ್ನ ಯಂತ್ರದ ಎಂ.2 ಜಾಗದಲ್ಲಿ ಆಗಲೇ 16 ಜಿಬಿಯ ಏನೋ ಒಂದು ಕೂತಿದೆ. ಅದನ್ನು ಕಿತ್ತು 500 ಜಿಬಿ ಎಸ್‌ಎಸ್‌ಡಿ ಹಾಕಬಹುದೇ? ಹಳೆಯ ಹಾರ್ಡ್ ಡಿಸ್ಕ್ ಹಾಗೇ ಇರಲಿ ಎಂದುಕೊಂಡಿದ್ದೇನೆ.

ಉತ್ತರ: ಅದು ಬಹುಶಃ ಇಂಟೆಲ್‌ನ ಆಪ್ಟೇನ್ ಮೆಮೊರಿ. ಹಾರ್ಡ್ ಡಿಸ್ಕಿನಿಂದ ಪದೇ ಪದೇ ಬೇಕಾಗುವ ಭಾಗಗಳನ್ನು ಹತ್ತಿರದಲ್ಲಿ ಇಟ್ಟುಕೊಳ್ಳುವ ಕೆಲಸ ಅದರದು. ಕೀಳಬಹುದು, ಆದರೆ ಮೊದಲು ವಿಂಡೋಸಿನೊಳಗೆ ಇಂಟೆಲ್‌ನ ಆಪ್ಟೇನ್ ಅಥವಾ ರ‍್ಯಾಪಿಡ್ ಸ್ಟೋರೇಜ್ ತಂತ್ರಾಂಶವನ್ನು ತೆರೆದು, ಆಪ್ಟೇನ್ ಬಳಕೆಯನ್ನು ನಿಲ್ಲಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಹಾರ್ಡ್ ಡಿಸ್ಕ್ ಒಂಟಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಕಣ್ಣಾರೆ ಕಂಡ ಮೇಲೆ. ಎರಡೂ ಸೇರಿ ಒಂದೇ ಡ್ರೈವಿನಂತೆ ವರ್ತಿಸುತ್ತಿರುವಾಗ ಒಂದನ್ನು ಎಳೆದು ತೆಗೆದರೆ ವಿಂಡೋಸ್ ತೆರೆದುಕೊಳ್ಳದಿರಬಹುದು, ಕಡತಗಳಿಗೂ ಅಪಾಯ. ಎರಡು ಡ್ರೈವ್ ಇಟ್ಟುಕೊಳ್ಳುವ ನಿಮ್ಮ ಯೋಚನೆ ಸರಿಯಾದದ್ದೇ: ವಿಂಡೋಸ್ ಮತ್ತು ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿರಲಿ, ಫೋಟೊ ಮತ್ತು ವಿಡಿಯೊಗಳು ಹಾರ್ಡ್ ಡಿಸ್ಕಿನಲ್ಲಿರಲಿ. ಆಪ್ಟೇನ್ ಎನ್‌ವಿಎಂಇ ಬಗೆಯದಾದ್ದರಿಂದ ಅದರ ಜಾಗಕ್ಕೆ ಎನ್‌ವಿಎಂಇ ಎಸ್‌ಎಸ್‌ಡಿಯನ್ನೇ ತರಬೇಕು.

ಪ್ರಶ್ನೆ: ನನ್ನದು 27 ಇಂಚಿನ ಐಮ್ಯಾಕ್, 2015ರ ಮಾದರಿ, 1 ಟಿಬಿ ಫ್ಯೂಷನ್ ಡ್ರೈವ್ ಇದೆ. ಪರದೆಯನ್ನು ಬಿಚ್ಚಿ ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದೇ, ಅಪಾಯವೇ?

ಉತ್ತರ: ಐಮ್ಯಾಕ್‌ಗಳಲ್ಲಿ ಉತ್ತರ ತಯಾರಾದ ವರ್ಷವನ್ನು ಅವಲಂಬಿಸಿದೆ. 2009ರಿಂದ 2011ರವರೆಗಿನ ಮಾದರಿಗಳಲ್ಲಿ ಮುಂಭಾಗದ ಗಾಜನ್ನು ಅಯಸ್ಕಾಂತಗಳು ಹಿಡಿದಿದ್ದವು. ಗಾಜನ್ನು ಎತ್ತುವುದು ಸುಲಭವಾಗಿದ್ದರೂ ಅಲ್ಲಿ ಬೇರೊಂದು ತೊಡಕಿತ್ತು: ಹಾರ್ಡ್ ಡಿಸ್ಕಿನ ಬಿಸಿಯನ್ನು ಅಳೆಯುವ ಏರ್ಪಾಡು ಮೂಲ ಡಿಸ್ಕಿಗೇ ಹೊಂದಿಕೊಂಡಿದ್ದರಿಂದ, ಬೇರೆ ಡ್ರೈವ್ ಹಾಕಿದ ಕೂಡಲೇ ಫ್ಯಾನ್ ಪೂರ್ತಿ ವೇಗದಲ್ಲಿ ಓಡತೊಡಗುತ್ತಿತ್ತು. 2012ರ ಕೊನೆಯಲ್ಲಿ ಬಂದ ತೆಳು ಅಂಚಿನ ಮಾದರಿಗಳಿಂದ ಮುಂದೆ ಗಾಜೂ ಪರದೆಯೂ ಒಂದೇ ಹಾಳೆಯಾಗಿ, ಅದನ್ನು ಸುತ್ತಲೂ ಅಂಟುಪಟ್ಟಿಯಿಂದ ಚೌಕಟ್ಟಿಗೆ ಅಂಟಿಸುವ ಕ್ರಮ ಬಂದಿತು. ನಿಮ್ಮದು ಈ ಬಗೆಯದು. ತೆಳ್ಳನೆಯ ಪ್ಲಾಸ್ಟಿಕ್ ಚಕ್ರದಿಂದ ಅಂಟನ್ನು ಕತ್ತರಿಸಿ, ಪರದೆಯನ್ನು ಸ್ವಲ್ಪವೇ ಎತ್ತಿ, ಹಿಂದಿನ ಎರಡು ಕೇಬಲ್‌ಗಳನ್ನು ಬಿಡಿಸಿದ ಮೇಲಷ್ಟೇ ಅದು ಕೈಗೆ ಬರುತ್ತದೆ. ಮುಚ್ಚುವಾಗ ಹೊಸ ಅಂಟುಪಟ್ಟಿ ಬೇಕೇ ಬೇಕು.

ನಿಮ್ಮ ಫ್ಯೂಷನ್ ಡ್ರೈವ್ ವಾಸ್ತವದಲ್ಲಿ ಎರಡು ಡ್ರೈವ್‌ಗಳು. 2012ರಲ್ಲಿ ಈ ಏರ್ಪಾಡು ಬಂದಾಗ ಹಾರ್ಡ್ ಡಿಸ್ಕಿನ ಜೊತೆಗೆ 128 ಜಿಬಿ ಫ್ಲಾಶ್ (ಎಸ್‌ಎಸ್‌ಡಿಯಲ್ಲಿರುವಂಥ ಚಿಪ್) ಇರುತ್ತಿತ್ತು. 2015ರ ಕೊನೆಯ 1 ಟಿಬಿ ಮಾದರಿಯಲ್ಲಿ ಅದು 24 ಜಿಬಿಗೆ ಇಳಿದಿತ್ತು. ನಿಮ್ಮ ಯಂತ್ರ ಬಹುಹೊತ್ತು ಹಾರ್ಡ್ ಡಿಸ್ಕಿನ ವೇಗದಲ್ಲೇ ಏಕೆ ತೆವಳುತ್ತದೆ ಎಂಬುದಕ್ಕೆ ಇಷ್ಟು ಸಾಕು. ಎರಡರಲ್ಲಿ ಒಂದನ್ನು ತೆಗೆದ ಕ್ಷಣ ಆ ಜೋಡಿ ಒಡೆದು, ಉಳಿದ ಅರ್ಧದಿಂದ ಕಡತಗಳನ್ನು ಓದಲಾಗುವುದಿಲ್ಲ. ಹೀಗಾಗಿ ಟೈಮ್ ಮಶೀನ್ ಬ್ಯಾಕಪ್ ಪೂರ್ಣಗೊಂಡಿದೆಯೆಂದು ಖಚಿತವಾಗುವವರೆಗೆ ಅಂಟಿಗೆ ಕೈ ಹಾಕಬಾರದು. 3.5 ಇಂಚಿನ ಹಾರ್ಡ್ ಡಿಸ್ಕಿನ ಜಾಗದಲ್ಲಿ ಬ್ರ್ಯಾಕೆಟ್ ಸಹಾಯದಿಂದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂರಿಸುವುದು ಪರದೆ ತೆಗೆದ ಮೇಲೆ ಹೆಚ್ಚು ಕಷ್ಟವಲ್ಲ. ಫ್ಲಾಶ್ ಕಡ್ಡಿಯನ್ನು ಬದಲಿಸಬೇಕೆಂದರೆ ಮಾತ್ರ ಅದು ಲಾಜಿಕ್ ಬೋರ್ಡಿನ (ಐಮ್ಯಾಕ್‌ನ ಮದರ್‌ಬೋರ್ಡಿನ) ಹಿಂದುಗಡೆ ಇರುವುದರಿಂದ ಇಡೀ ಬೋರ್ಡನ್ನೇ ಕಳಚಬೇಕಾಗುತ್ತದೆ. ಒಳಗೆ ತೆರೆದೇ ಇರುವ ಪವರ್ ಸಪ್ಲೈ ಬೋರ್ಡಿನ ಕೆಪಾಸಿಟರುಗಳು ವಿದ್ಯುತ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಆಘಾತ ಕೊಡಬಲ್ಲವು ಎಂಬುದನ್ನು ಮರೆಯಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಹಾರ್ಡ್ ಡಿಸ್ಕ್ ಕೆಟ್ಟಿಲ್ಲದಿದ್ದಲ್ಲಿ ನೀವು ಪರದೆಯನ್ನು ಬಿಚ್ಚುವ ಅಗತ್ಯವೇ ಇಲ್ಲ. ನಿಮ್ಮ ಯಂತ್ರದಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುವ ಯುಎಸ್‌ಬಿ 3.0 ಇದೆ. ಹೊರಗಿನ ಎಸ್‌ಎಸ್‌ಡಿಯೊಂದನ್ನು ಅದಕ್ಕೆ ಸಿಕ್ಕಿಸಿ, ಅದರ ಮೇಲೆ ಮ್ಯಾಕ್‌ಒಎಸ್ ಸ್ಥಾಪಿಸಿ, ಅದನ್ನೇ ಸ್ಟಾರ್ಟಪ್ ಡಿಸ್ಕ್ ಎಂದು ಆರಿಸಿಕೊಂಡರೆ ಒಳಗಿನ ಸಾಟಾ ಎಸ್‌ಎಸ್‌ಡಿಯ ವೇಗಕ್ಕೆ ಹತ್ತಿರದ ವೇಗ ಸಿಗುತ್ತದೆ. ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ಹೆಚ್ಚುವರಿಯಾಗಿ ಕಾಣಿಸುವುದಷ್ಟೇ ಇದರ ಕುಂದು. ನಿಮ್ಮಂತೆಯೇ ಯೋಚಿಸುತ್ತಿರುವ ಇತರರಿಗೊಂದು ಮಾತು: 2020ರ 27 ಇಂಚಿನ ಐಮ್ಯಾಕ್ ಮತ್ತು 2021ರಿಂದ ಬಂದಿರುವ 24 ಇಂಚಿನ ಮಾದರಿಗಳಲ್ಲಿ ಫ್ಲಾಶ್ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಅವುಗಳಿಗೂ ಹೊರಗಿನ ಡ್ರೈವೇ ದಾರಿ.

ಪ್ರಶ್ನೆ: ಹಳೆಯ 1 ಟಿಬಿ ಡಿಸ್ಕನ್ನು 500 ಜಿಬಿ ಎಸ್‌ಎಸ್‌ಡಿಗೆ ಹಾಗೆಯೇ ನಕಲು ಮಾಡಬಹುದೇ? ಹೊಸದಾಗಿ ವಿಂಡೋಸ್ ಹಾಕಿದರೆ ಲೈಸೆನ್ಸ್ ಹೋಗುವುದೇ?

ಉತ್ತರ: ಲೈಸೆನ್ಸ್ ಹೋಗುವುದಿಲ್ಲ. ವಿಂಡೋಸ್ 10 ಮತ್ತು 11ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡನ್ನು ಗುರುತಿಟ್ಟುಕೊಳ್ಳುತ್ತದೆ. ನಕಲಿನ ವಿಷಯದಲ್ಲಿ ಡಿಸ್ಕಿನ ಒಟ್ಟು ಅಳತೆಗಿಂತ ಅದರಲ್ಲಿ ತುಂಬಿರುವುದೆಷ್ಟು ಎಂಬುದು ಮುಖ್ಯ. 300 ಜಿಬಿಯಷ್ಟೇ ಬಳಸಿದ್ದರೆ ಹೆಚ್ಚಿನ ಕ್ಲೋನಿಂಗ್ ತಂತ್ರಾಂಶಗಳು ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕಿನ ವಿಭಾಗಗಳನ್ನು, ಕುಗ್ಗಿಸಿ ಸಾಗಿಸುತ್ತವೆ. 500 ಜಿಬಿ ಡ್ರೈವ್ ವಿಂಡೋಸಿನಲ್ಲಿ ಸುಮಾರು 465 ಎಂದು ಕಾಣಿಸುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುವುದೇ ಇದಕ್ಕೆ ಕಾರಣ. ಯಾರೂ ಮೋಸ ಮಾಡಿಲ್ಲ.

ಕ್ಲೋನ್ ಮಾಡಲು ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಅಡಾಪ್ಟರಿನಲ್ಲಿ ಹೊರಗಿನಿಂದ ಸಿಕ್ಕಿಸಿ, ಯಂತ್ರವನ್ನು ಬಿಚ್ಚುವ ಮೊದಲೇ ನಕಲು ಮುಗಿಸಿಕೊಳ್ಳಿ. ಡ್ರೈವಿನ ಕಡತಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ; ಅದು ಚಾಲೂ ಇರುವುದು ಎಷ್ಟೋ ಮಂದಿಗೆ ಕೀ ಕೇಳಿದ ದಿನವೇ ಗೊತ್ತಾಗುವುದು. ಹೊಸ ಡ್ರೈವಿನಿಂದ ಮೊದಲ ಸಲ ಶುರು ಮಾಡುವಾಗ ಹಳೆಯದನ್ನು ಕಳಚಿಟ್ಟಿರಬೇಕು, ಏಕೆಂದರೆ ಒಂದೇ ಗುರುತಿನ ಎರಡು ಡ್ರೈವ್‌ಗಳನ್ನು ಕಂಡರೆ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಆದರೂ ಏಳೆಂಟು ವರ್ಷಗಳ ಕಸವನ್ನು ಹೊಸ ಮನೆಗೆ ಸಾಗಿಸುವುದಕ್ಕಿಂತ ಹೊಸದಾಗಿ ವಿಂಡೋಸ್ ಹಾಕಿ, ಬೇಕಾದ ಕಡತಗಳನ್ನಷ್ಟೇ ತರುವುದನ್ನು ನಾನು ಇಷ್ಟಪಡುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಾಗಿದೆಯೇ ಎಂಬುದನ್ನು ಎಸ್‌ಎಸ್‌ಡಿ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಒಂದು ಸಂದರ್ಭದಲ್ಲಿ ಮಾತ್ರ ಕ್ರಮ ಬೇರೆ. ಕ್ರಿಸ್ಟಲ್ ಡಿಸ್ಕ್ ಇನ್ಫೊದಂಥ ತಂತ್ರಾಂಶದಲ್ಲಿ ಹಳೆಯ ಡಿಸ್ಕಿನ ಸ್ಮಾರ್ಟ್ ವಿವರಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆಯನ್ನು) ತೆರೆದಾಗ, ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳ (ಡಿಸ್ಕಿನ ಸಣ್ಣ ತುಣುಕುಗಳ) ಅಥವಾ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆ ಏರುತ್ತಿರುವುದು ಕಂಡರೆ, ಆ ಡಿಸ್ಕಿನ ದಿನಗಳು ಮುಗಿಯುತ್ತಿವೆ. ಆಗ ಗಂಟೆಗಟ್ಟಲೆ ಕ್ಲೋನ್ ಮಾಡುತ್ತಾ ಕೂರದೆ, ಮೊದಲು ಮತ್ತೆ ಸಿಗದಂಥ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ.

ಪ್ರಶ್ನೆ: ವಿಂಡೋಸ್ ಆಲ್-ಇನ್-ಒನ್ ಯಂತ್ರವನ್ನು ನಾನೇ ಬಿಚ್ಚಬಹುದೇ?

ಉತ್ತರ: ಹಿಂಬದಿಯ ಮುಚ್ಚಳವನ್ನು ಸ್ಕ್ರೂ ಬಿಚ್ಚಿ ತೆಗೆಯುವಂತಿದ್ದರೆ ಖಂಡಿತ ಬಿಚ್ಚಬಹುದು; ಮುಂದಿನಿಂದ ಪರದೆಯನ್ನೇ ಎಬ್ಬಿಸಬೇಕಾದ ಮಾದರಿಯಾದರೆ ಪರಿಣತರಿಗೆ ಕೊಡುವುದು ಲೇಸು. ವಿದ್ಯುತ್ ಕೇಬಲ್ ಕಿತ್ತ ಮೇಲೆ ಪವರ್ ಬಟನ್ ಅನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಮೇಜಿನ ಮೇಲೆ ದಪ್ಪ ಮೆತ್ತನೆಯ ಬಟ್ಟೆ ಹಾಸಿ, ಪರದೆ ಕೆಳಮುಖವಾಗಿ ಮಲಗಿಸಿ, ಮುಚ್ಚಳದ ಕ್ಲಿಪ್ಪುಗಳನ್ನು ಲೋಹದ ಸ್ಕ್ರೂಡ್ರೈವರಿನಿಂದಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದಾಗಿ ಬಿಡಿಸಿ. ಒಂದು ಕಾಗದದ ಮೇಲೆ ಯಂತ್ರದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂದಿತೋ ಅಲ್ಲಿಗೇ ಅಂಟುಟೇಪಿನಿಂದ ಅಂಟಿಸಿಡಿ. ಉದ್ದದ ಸ್ಕ್ರೂ ಗಿಡ್ಡ ಸ್ಕ್ರೂವಿನ ಜಾಗಕ್ಕೆ ಹೋದರೆ ಅದು ಪರದೆಯ ಬೆನ್ನನ್ನೇ ಚುಚ್ಚಬಹುದು. ರಿಬ್ಬನ್ ಕೇಬಲ್‌ಗಳ ಕನೆಕ್ಟರಿಗೆ ಉಗುರಿನಷ್ಟಗಲದ ಒಂದು ಬಾಗಿಲು ಇರುತ್ತದೆ. ಅದನ್ನು ಎತ್ತದೆ ಕೇಬಲ್ ಎಳೆದು, ಒಂದು ಸಂಜೆಯ ಕೆಲಸವನ್ನು ಎರಡು ವಾರಗಳ ಕೆಲಸವನ್ನಾಗಿ ಮಾಡಿಕೊಂಡ ಅನುಭವ ಈ ಅಂಕಣಕಾರನಿಗೆ ಇದೆ.

ಹೊಸ ಡ್ರೈವ್ ಕೂತ ಮೇಲೆ ಮುಚ್ಚಳವನ್ನು ಒತ್ತಿ ಮುಚ್ಚುವ ಆತುರ ಬೇಡ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ಕೊಟ್ಟು, ವಿಂಡೋಸಿಗೂ ಮೊದಲು ತೆರೆಯುವ ಬಯೋಸ್ ಸೆಟಪ್ಪಿನಲ್ಲಿ ಡ್ರೈವಿನ ಹೆಸರು ಕಾಣಿಸುತ್ತಿದೆಯೇ, ಫ್ಯಾನ್ ಎಂದಿನಂತೆ ತಿರುಗುತ್ತಿದೆಯೇ ಎಂದು ನೋಡಿ. ಕಾಣಿಸದಿದ್ದರೆ ವಿದ್ಯುತ್ ಕಿತ್ತು, ಡ್ರೈವನ್ನು ಬಿಡಿಸಿ ಮತ್ತೊಮ್ಮೆ ಸರಿಯಾಗಿ ಕೂರಿಸಿ. ಕಾಣಿಸಿದರೆ ಮತ್ತೆ ವಿದ್ಯುತ್ ಕಿತ್ತು ಕ್ಲಿಪ್ಪುಗಳನ್ನು ಒತ್ತಿ.