ಹಳೆ ಪದ್ಮಿನಿಗೆ ಮೂರನೇ ಬ್ರೇಕ್ ಲೈಟ್ ಹಾಕುವ ಮೊದಲು ಹಳೆ ಎರಡನ್ನು ನೋಡ್ರಿ

ಪ್ರಶ್ನೆ: ನಮ್ಮ ತಂದೆಯವರ 1984ರ ಪ್ರೀಮಿಯರ್ ಪದ್ಮಿನಿ ವಿಜಯಪುರದಲ್ಲಿದೆ. ವಾರಕ್ಕೊಮ್ಮೆ ಸೊಲ್ಲಾಪುರ ರಸ್ತೆಯಲ್ಲಿ ಓಡಿಸುತ್ತೇನೆ. ಬ್ರೇಕ್ ಹಿಡಿದದ್ದು ಗೊತ್ತೇ ಆಗೋದಿಲ್ಲ ಅಂತ ಹಿಂದೆ ಬರುವವರು ಹೇಳುತ್ತಾರೆ. ಹಿಂದಿನ ಗಾಜಿನ ಒಳಗೆ ಮೂರನೇ ಬ್ರೇಕ್ ಲೈಟ್ ಹಾಕಬಹುದೇ? ಗಾಡಿಯ ಬಾಡಿ ತಗಡಿಗೆ ತೂತು ಹಾಕಲು ಮನಸ್ಸಿಲ್ಲ. ರಿಲೇ ಬೇಕಾಗುತ್ತದೆಯೇ?

ಉತ್ತರ:

ಹಾಕಬಹುದು ಸರ. ಹೈವೇ ಮೇಲೆ ಓಡಿಸುವ ಗಾಡಿಗೆ ಹಾಕಲೇಬೇಕು ಅಂತ ನಾನು ಹೇಳುತ್ತೇನೆ. ಬಾಡಿಗೆ ತೂತು ಬೇಕಿಲ್ಲ, ಎಲ್‌ಇಡಿ ಹಾಕಿದರೆ ರಿಲೇನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬೇಕಿಲ್ಲ. ಆದರೆ ಹೊಸ ಲೈಟಿಗೂ ಕರೆಂಟ್ ಬರೋದು ಅದೇ ಹಳೆ ಬ್ರೇಕ್ ಸ್ವಿಚ್ಚಿನಿಂದ. ಅದು ತಡವಾಗಿ ಹತ್ತಿದರೆ ಮೂರನೇ ಲೈಟೂ ತಡವಾಗಿಯೇ ಹತ್ತುತ್ತದೆ. ಅದಕ್ಕೆ ಮೊದಲು ಇರುವ ಎರಡನ್ನು ಸರಿ ಮಾಡಿಕೊಳ್ರಿ.

ಇಬ್ಬರು ಬೇಕು, ಒಬ್ಬರು ಪೆಡಲ್ ಮೇಲೆ, ಒಬ್ಬರು ಹಿಂದೆ. ಕೀ ಆನ್ ಮಾಡಿ ಪೆಡಲನ್ನು ನಿಧಾನವಾಗಿ, ಬರೀ ಹೆಬ್ಬೆರಳಿನ ಭಾರದಿಂದ ಒತ್ತಿಸ್ರಿ. ಕಾಲಿಗೆ ಬಿಗಿ ಸಿಕ್ಕ ತಕ್ಷಣ ಲೈಟ್ ಹತ್ತಬೇಕು. ಬಲವಾಗಿ ತುಳಿದ ಮೇಲೆ ಮಾತ್ರ ಹತ್ತಿದರೆ ತಪ್ಪು ಸ್ವಿಚ್ಚಿನದು. ಆ ಕಾಲದ ಬಹಳಷ್ಟು ಗಾಡಿಗಳಂತೆ ಇದರಲ್ಲೂ ಸ್ವಿಚ್ ಪೆಡಲ್ ಹತ್ತಿರ ಇರೋದಿಲ್ಲ, ಬ್ರೇಕ್ ಆಯಿಲ್ ಲೈನಿನಲ್ಲಿ ಇರುತ್ತದೆ. ನೋಡಲು ದಪ್ಪ ಬೋಲ್ಟಿನಂತೆ, ತಲೆ ಮೇಲೆ ಎರಡು ವೈರ್. ಆಯಿಲ್ ಒತ್ತಡ ಏರಿದಾಗ ಒಳಗಿನ ಕಾಂಟ್ಯಾಕ್ಟ್ ಕೂಡುತ್ತದೆ. ವರ್ಷ ಕಳೆದಂತೆ ಕಾಂಟ್ಯಾಕ್ಟ್ ಸುಟ್ಟು, ಒಳಗಿನ ಪೊರೆ ಬಿರುಸಾಗಿ, ಹೆಚ್ಚು ಹೆಚ್ಚು ಒತ್ತಡ ಕೇಳುತ್ತದೆ. ಟ್ರಾಫಿಕ್ಕಿನಲ್ಲಿ ಮೆಲ್ಲಗೆ ಹಿಡಿಯುವ ಬ್ರೇಕಿಗೆ ಲೈಟ್ ಹತ್ತುವುದೇ ಇಲ್ಲ. ನಿಮ್ಮ ಹಿಂದಿನವರ ದೂರು ಬಹುಶಃ ಇದೇ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಸ್ವಿಚ್ಚಿನ ಎರಡೂ ವೈರ್ ಕಿತ್ತು ಒಂದಕ್ಕೊಂದು ಮುಟ್ಟಿಸ್ರಿ. ಹಿಂದೆ ಎರಡೂ ಲೈಟ್ ಚೆನ್ನಾಗಿ ಹತ್ತಿದರೆ ವೈರಿಂಗ್ ಸರಿ ಇದೆ, ಸ್ವಿಚ್ ಹೋಗಿದೆ. ಬದಲಾಯಿಸುವಾಗ ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗ್ರಿ, ಚೂಡಿಯ (ಬೋಲ್ಟಿನ ತಿರುಪು ಗೆರೆಗಳ) ಅಳತೆ ಬೇರೆ ಬೇರೆ ಇರುತ್ತದೆ. ಬಿಚ್ಚಿದಲ್ಲಿ ಗಾಳಿ ಸೇರುವುದರಿಂದ ಆಮೇಲೆ ಬ್ರೇಕ್ ಬ್ಲೀಡ್ ಮಾಡಲೇಬೇಕು, ಅಂದರೆ ಲೈನಿನ ಗಾಳಿ ಹೊರಗೆ ತೆಗೀಬೇಕು. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಒರೆಸಿ ಬಿಡಬ್ಯಾಡ್ರಿ, ಕೂಡಲೇ ನೀರು ಹಾಕಿ ತೊಳೀರಿ. ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯದು, ಪೆಡಲಿಗೆ ಇನ್ನೊಂದು ಸ್ವಿಚ್ ಕೂಡಿಸುವುದು. ಮಾರುತಿ 800ರಲ್ಲಿ ಬರುವಂಥ, ಪೆಡಲ್ ತೋಳು ಒತ್ತಿ ಹಿಡಿಯುವ ಪ್ಲಂಜರ್ ಸ್ವಿಚ್ ಸಾಕು. ಪೆಡಲ್ ಬಿಟ್ಟಾಗ ಪ್ಲಂಜರ್ ಪೂರ್ತಿ ಒಳಗಿರಬೇಕು, ಪೆಡಲ್ 5ರಿಂದ 10 ಮಿಲಿಮೀಟರ್ ಇಳಿದ ತಕ್ಷಣ ಹೊರಬಂದು ಲೈಟ್ ಹತ್ತಿಸಬೇಕು. ಪೆಡಲ್ ಪಕ್ಕದಲ್ಲಿ ಈಗಿರುವ ಯಾವುದಾದರೂ ಬೋಲ್ಟಿಗೆ ಪಟ್ಟಿ ಹಿಡಿಸಿ ಅದರ ಮೇಲೆ ಕೂಡಿಸ್ರಿ. ಇದರ ಎರಡು ವೈರನ್ನು ಹಳೆ ಸ್ವಿಚ್ಚಿನ ಎರಡು ವೈರಿಗೆ ಜೋಡಿಸಿದರೆ ಯಾವುದು ಮೊದಲು ಕೂಡಿದರೂ ಲೈಟ್ ಬರುತ್ತದೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಒಂದೇ ಎಚ್ಚರಿಕೆ: ಸ್ವಿಚ್ ಪೆಡಲನ್ನು ಕೆಳಗೆ ತಳ್ಳುವಷ್ಟು ಮುಂದೆ ಬರಬಾರದು. ಹಾಗಾದರೆ ಮಾಸ್ಟರ್ ಸಿಲಿಂಡರಿನ ಆಯಿಲ್ ಹಿಂದಕ್ಕೆ ಹೋಗದೆ ಬ್ರೇಕ್ ಅಂಟಿಕೊಂಡು ಡ್ರಮ್ ಕಾಯುತ್ತದೆ.

ಈಗ ಹಿಂದಿನ ಲೈಟ್. ಲೆನ್ಸಿನ ಸ್ಕ್ರೂ ಬಿಚ್ಚಿ ಬಲ್ಬ್ ತೆಗೀರಿ. ಅದು 21/5 ವ್ಯಾಟಿನ ಎರಡು ತಂತಿಯ ಬಲ್ಬು, 21 ಬ್ರೇಕಿಗೆ, 5 ಪಾರ್ಕಿಂಗಿಗೆ. ಗಾಜು ಕಪ್ಪಾಗಿದ್ದರೆ ಉರಿಯುತ್ತಿದ್ದರೂ ಬಿಸಾಕ್ರಿ. ಹೋಲ್ಡರಿನ ಒಳಗೋಡೆಯಲ್ಲಿ ಬಿಳಿ ಪುಡಿ ಅಥವಾ ಕೆಂಪು ತುಕ್ಕು ಕಾಣುತ್ತದೆ. ಆ ಗೋಡೆಯೇ ಬಲ್ಬಿನ ಅರ್ಥ್, ಅದರ ಮೂಲಕವೇ ಕರೆಂಟ್ ವಾಪಸ್ ಹೋಗಬೇಕು. ಎಮರಿ ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ, ಲೋಹ ಹೊಳೆಯುವವರೆಗೆ ತಿಕ್ಕಿ, ತುಸು ವ್ಯಾಸಲೀನ್ ಸವರಿ ಬಲ್ಬ್ ಹಾಕ್ರಿ. ಆಮೇಲೆ ಪೆಡಲ್ ಒತ್ತಿಸಿ ಮಲ್ಟಿಮೀಟರಿನ ಒಂದು ಕಡ್ಡಿ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ ಮುಟ್ಟಿಸ್ರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೆಟ್ಟಿದೆ, ಹೋಲ್ಡರಿನಿಂದ ಬಾಡಿಗೆ 1 ಚದರ ಮಿಲಿಮೀಟರ್ ವೈರ್ ಒಂದನ್ನು ಬೇರೆಯಾಗಿ ಎಳೀರಿ. ಬಲ್ಬಿಗೆ ಸಿಗುವ ವೋಲ್ಟೇಜ್ ಹತ್ತಕ್ಕೆ ಒಂದರಷ್ಟು ಕಡಿಮೆಯಾದರೆ ಬೆಳಕು ಹತ್ತಕ್ಕೆ ಮೂರರಷ್ಟು ಹೋಗುತ್ತದೆ. ಹಳೆ ಗಾಡಿಯ ಮಂಕು ಲೈಟಿಗೆ ಬಹುತೇಕ ಇದೇ ಕಾರಣ.

ಇಷ್ಟಾದ ಮೇಲೆ ಮೂರನೇ ಲೈಟ್. ಪದ್ಮಿನಿಯ ಹಿಂದಿನ ಲೈಟ್ ಸಣ್ಣವು, ಕೆಳಗಿವೆ. ಬೆನ್ನಿಗೆ ಒಂದು ಬೈಕ್ ಬಂದರೂ ಅದರ ಹಿಂದಿನವರಿಗೆ ಕಾಣೋದಿಲ್ಲ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಕಂಡು ಏಕಾಏಕಿ ಬ್ರೇಕ್ ಹಿಡಿಯುವ ನಮ್ಮ ಕಡೆಯ ರಸ್ತೆಗಳಲ್ಲಿ, ಎರಡು ಗಾಡಿ ಆಚೆಯವರಿಗೂ ಕಾಣುವ ಎತ್ತರದ ಲೈಟ್ ಬೇಕೇ ಬೇಕು. ಅಮೆರಿಕದಲ್ಲಿ 1986ರ ಮಾಡೆಲಿನಿಂದ ಕಾರುಗಳಿಗೆ ಇದು ಕಡ್ಡಾಯ. ಅಲ್ಲಿಯ ಹೆದ್ದಾರಿ ಸುರಕ್ಷತಾ ಸಂಸ್ಥೆ 1998ರಲ್ಲಿ ಹಾಕಿದ ಲೆಕ್ಕದಂತೆ ಹಿಂದಿನಿಂದ ಗುದ್ದುವ ಅಪಘಾತ ಶೇ. 4.3ರಷ್ಟು ಕಡಿಮೆಯಾಗಿದೆ. ಅಂಕಿ ಸಣ್ಣದು ಅನಿಸಬಹುದು, ಆದರೆ ಒಂದು ಮಧ್ಯಾಹ್ನದ ಕೆಲಸಕ್ಕೆ ಇಷ್ಟು ಫಲ ಕೊಡುವ ಬೇರೆ ಕೆಲಸ ಹಳೆ ಗಾಡಿಯಲ್ಲಿ ಕಡಿಮೆ.

ಎಲ್‌ಇಡಿಯನ್ನೇ ತಗೊಳ್ರಿ. ಈಗಿನ ಎರಡು 21 ವ್ಯಾಟ್ ಬಲ್ಬ್ ಸೇರಿ 3.5 ಆಂಪಿಯರ್ ಎಳೆಯುತ್ತವೆ. ಮೂರನೆಯದೂ ಬಲ್ಬಾದರೆ 5.25 ಆಗುತ್ತದೆ, ಮೊದಲೇ ಸುಟ್ಟ ಕಾಂಟ್ಯಾಕ್ಟಿನ ಮೇಲೆ ಒಂದೂವರೆ ಪಟ್ಟು ಭಾರ. 3 ವ್ಯಾಟಿನ ಎಲ್‌ಇಡಿ ಎಳೆಯೋದು ಕಾಲು ಆಂಪಿಯರ್ ಮಾತ್ರ, ಹಳೆ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನೊಂದು ಲಾಭ, ಬಲ್ಬಿನ ತಂತಿ ಕಾದು ಬೆಳಗಲು ಸುಮಾರು 0.2 ಸೆಕೆಂಡ್ ತಗೊಳ್ಳುತ್ತದೆ, ಎಲ್‌ಇಡಿ ತಕ್ಷಣ ಹತ್ತುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ ನಾಲ್ಕು ಮೀಟರಿಗಿಂತ ಹೆಚ್ಚು ಹೋಗಿರುತ್ತದೆ.

ರಿಲೇ ಹಾಕಿಸಿಕೊಳ್ರಿ ಅಂತ ಎಲೆಕ್ಟ್ರಿಷಿಯನ್ ಹೇಳಬಹುದು. ನಾನು ಬೇಡ ಅನ್ನುತ್ತೇನೆ. ಬ್ರೇಕ್ ಲೈಟಿನ ಮಧ್ಯೆ ಒಂದು ರಿಲೇ ಬಂತು ಅಂದರೆ, ಅದು ಕೆಟ್ಟ ದಿನ ಮೂರೂ ಲೈಟ್ ಒಟ್ಟಿಗೆ ಹೋಗುತ್ತವೆ, ಸೀಟಿನಲ್ಲಿ ಕೂತ ನಿಮಗೆ ಗೊತ್ತೂ ಆಗೋದಿಲ್ಲ.

ಕೊಳ್ಳುವಾಗ ಲೆನ್ಸ್ ಮೇಲೆ ‘ಎಸ್3’ ಅಂತ ಅಚ್ಚಾಗಿದೆಯಾ ನೋಡ್ರಿ. ಎತ್ತರದ ಬ್ರೇಕ್ ಲೈಟಿನ ವರ್ಗದ ಗುರುತು ಅದು. ಕಂಪನಿ ಕಾರುಗಳಿಗೆ ಬರುವ ಬಿಡಿಭಾಗದಲ್ಲಿ ಇರುತ್ತದೆ, ರಸ್ತೆ ಬದಿಯ ಪಟ್ಟಿ ಲೈಟಿನಲ್ಲಿ ಇರೋದಿಲ್ಲ. ಮಿಣುಕುವ, ಓಡುವ, ಬಣ್ಣ ಬದಲಿಸುವ ಲೈಟ್ ಮುಟ್ಟಬ್ಯಾಡ್ರಿ. ಕೆಂಪು ಬಣ್ಣ, ಸ್ಥಿರ ಬೆಳಕು, ಬ್ರೇಕ್ ಹಿಡಿದಾಗ ಮಾತ್ರ. ಡೈನಮೋ ಇರುವ ಗಾಡಿಯಾದರೆ ಎಂಜಿನ್ ರೇಸ್ ಮಾಡಿ ಬ್ಯಾಟರಿ ಮೇಲೆ ವೋಲ್ಟೇಜ್ ಅಳೀರಿ. 14.5ರ ಒಳಗಿರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಸರಿ ಮಾಡಿಸದೆ ಎಲ್‌ಇಡಿ ಹಾಕಬ್ಯಾಡ್ರಿ, ಬೇಗ ಸುಟ್ಟುಹೋಗುತ್ತದೆ. ಹಳೆ ರೆಗ್ಯುಲೇಟರಿನ ಗಾಡಿಗೆ 12–24 ವೋಲ್ಟ್ ಎರಡಕ್ಕೂ ನಡೆಯುವ ಲೈಟ್ ಹೆಚ್ಚು ಬಾಳುತ್ತದೆ.

ಜಾಗ ಗಾಜಿನ ಕೆಳಗಿನ ಅಂಚಿನಲ್ಲಿ, ಗಾಡಿಯ ನಟ್ಟನಡುವೆ. ನೆಲದಿಂದ ಕನಿಷ್ಠ 85 ಸೆಂಟಿಮೀಟರ್ ಎತ್ತರ ಸಿಗಬೇಕು, ಅಲ್ಲಿ ಸುಲಭವಾಗಿ ಸಿಗುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಇದ್ದರೆ ಕಿತ್ತು ಹಾಕ್ರಿ. ಹಿಂದಿನ ಗಾಜಿನಲ್ಲಿ ಶೇ. 70ರಷ್ಟು ಬೆಳಕು ಹಾಯಬೇಕು ಅನ್ನೋದು ನಿಯಮ, ಫಿಲ್ಮ್ ಹಿಂದೆ ಲೈಟ್ ಹಾಕಿ ಉಪಯೋಗವೂ ಇಲ್ಲ.

ಕೂಡಿಸುವುದರಲ್ಲಿ ವಿಜಯಪುರದ ಬಿಸಿಲೇ ದೊಡ್ಡ ಸಮಸ್ಯೆ. ಮೇ ತಿಂಗಳಲ್ಲಿ ನಿಲ್ಲಿಸಿದ ಗಾಡಿಯ ಹಿಂದಿನ ಹಲಗೆ ಕೈ ಇಡಲಾಗದಷ್ಟು ಕಾದಿರುತ್ತದೆ. ರಬ್ಬರ್ ಕಪ್ ಬಿದ್ದುಹೋಗುತ್ತದೆ, ಅಗ್ಗದ ಬಿಳಿ ಡಬಲ್ ಟೇಪ್ ಬೆಲ್ಲದ ಪಾಕದಂತೆ ಜಾರುತ್ತದೆ. ಎರಡು ದಾರಿ ಇವೆ. ಒಂದು, 20 ಮಿಲಿಮೀಟರ್ ಅಗಲ, 1.5 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಎರಡನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಸೀಟ್ ಹಿಂದಿನ ಬಿಚ್ಚಿ ತೆಗೆಯಬಹುದಾದ ಹಲಗೆಗೆ ಬೋಲ್ಟ್ ಮಾಡೋದು. ಹಲಗೆಗೆ ತೂತು ಬಿದ್ದರೂ ಬಾಡಿಗೆ ಬೀಳೋದಿಲ್ಲ, ಮುಂದೆ ಹಲಗೆ ಬದಲಾಯಿಸಿದರೆ ಗುರುತೂ ಉಳಿಯೋದಿಲ್ಲ. ಕೈಯಿಂದ ಬಗ್ಗಿಸಿದ್ದು ಸೊಟ್ಟಗಾದರೆ ಯಾವ ಶೀಟ್ ಮೆಟಲ್ ಅಂಗಡಿಯಲ್ಲೂ ಹತ್ತು ನಿಮಿಷದ ಕೆಲಸ, ಬೆಳಗಾವಿ ಕಡೆ ಹೋದರೆ ಅಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಾಡಿಸಿಕೊಳ್ರಿ. ಇನ್ನೊಂದು ದಾರಿ 3ಎಂ ಕಂಪನಿಯ ವಿಎಚ್‌ಬಿ ಅನ್ನುವ, ಎರಡೂ ಬದಿ ಗಟ್ಟಿಯಾಗಿ ಅಂಟುವ ಟೇಪಿನಿಂದ ಗಾಜಿಗೇ ಅಂಟಿಸೋದು. 150 ಗ್ರಾಂ ತೂಕದ ಲೈಟಿಗೆ 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಎರಡು ತುಂಡು ಸಾಕು. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬೆಳಗಿನ ತಂಪಿನಲ್ಲಿ ಅಂಟಿಸಿ, ಬಲವಾಗಿ ಒತ್ತಿ ಹಿಡಿದು, ಮೂರು ದಿನ ಬಿಸಿಲಿಗೆ ನಿಲ್ಲಿಸಬ್ಯಾಡ್ರಿ. ಪೂರ್ತಿ ಬಿಗಿ ಬರಲು ಸುಮಾರು 72 ಗಂಟೆ ಬೇಕು. ನಿಮಗೆ ನಾನು ಹೇಳೋದು ಪಟ್ಟಿಯ ದಾರಿ. ಯಾವುದೇ ಮಾಡಿದರೂ ಗಾಜಿನ ರಬ್ಬರ್ ಬೀಡಿಂಗಿಗೆ ಸ್ಕ್ರೂ ಹೊಡೆಯಬ್ಯಾಡ್ರಿ, ಮೊದಲ ಮಳೆಗೇ ನೀರು ಇಳಿದು ಕೆಳಗಿನ ತಗಡು ತಿನ್ನುತ್ತದೆ.

ಲೆನ್ಸಿಗೂ ಗಾಜಿಗೂ ನಡುವೆ ಸುತ್ತಲೂ ಕಪ್ಪು ಫೋಮ್ ಪಟ್ಟಿ ಹಾಕ್ರಿ. ಇಲ್ಲದಿದ್ದರೆ ರಾತ್ರಿ ಪ್ರತಿ ಬ್ರೇಕಿಗೂ ಗಾಜಿನ ಒಳಮೈ ಕೆಂಪಾಗಿ, ನಿಮ್ಮ ಒಳಗಿನ ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣೋದಿಲ್ಲ.

ವೈರಿಂಗಿಗೆ 0.75 ಚದರ ಮಿಲಿಮೀಟರ್ ವೈರ್ ಎರಡು ಬಣ್ಣದಲ್ಲಿ ಎರಡೆರಡು ಮೀಟರ್, 2 ಆಂಪಿಯರ್ ಫ್ಯೂಸ್ ಇರುವ ಹೋಲ್ಡರ್ ಒಂದು, ಸ್ಲೀವ್, ಲಗ್, ಸ್ಟಾರ್ ವಾಷರ್ ಬೇಕು. ಬ್ಯಾಟರಿಯ ಅರ್ಥ್ ಕಡೆಯ ಟರ್ಮಿನಲ್ ಬಿಚ್ಚಿ ಕೆಲಸ ಶುರು ಮಾಡ್ರಿ, ಟೆಸ್ಟ್ ಮಾಡುವಾಗ ಮಾತ್ರ ಕೂಡಿಸ್ರಿ. ಡಿಕ್ಕಿಯೊಳಗೆ ಟೇಲ್ ಲೈಟಿನ ಬೆನ್ನಿಗೆ ಬ್ರೇಕಿನ ವೈರ್ ಹುಡುಕ್ರಿ. ಬಣ್ಣ ನಂಬಬ್ಯಾಡ್ರಿ, ನಲವತ್ತು ವರ್ಷದಲ್ಲಿ ಎಷ್ಟು ಕೈ ಆಡಿದೆಯೋ. ಟೆಸ್ಟ್ ಲ್ಯಾಂಪ್ ಪೆಡಲ್ ಒತ್ತಿದಾಗ ಹತ್ತಬೇಕು, ಪಾರ್ಕಿಂಗಿಗೆ, ಇಂಡಿಕೇಟರಿಗೆ ಹತ್ತಬಾರದು. ಬ್ರೇಕಿಗೂ ಇಂಡಿಕೇಟರಿಗೂ ಒಂದೇ ತಂತಿ ಬಳಸುವ ಗಾಡಿಯಾಗಿದ್ದರೆ ಇಲ್ಲಿಂದ ಎಳೆದ ಲೈಟ್ ಇಂಡಿಕೇಟರಿನ ಜೊತೆ ಮಿಣುಕುತ್ತದೆ. ಅಂಥದ್ದಕ್ಕೆ ಬ್ರೇಕ್ ಸ್ವಿಚ್ಚಿನಿಂದ ಲೈಟಿನ ಕಡೆ ಹೋಗುವ ವೈರಿನಿಂದಲೇ ಎಳೀಬೇಕು.

ಚುಚ್ಚಿ ಕೂಡಿಸುವ ನೀಲಿ ಪ್ಲಾಸ್ಟಿಕ್ ಕ್ಲಿಪ್ ಬಳಸಬ್ಯಾಡ್ರಿ. ಹಳೆ ವೈರಿನ ಎಳೆಗಳನ್ನು ಅರ್ಧ ಕತ್ತರಿಸುತ್ತದೆ. ಸಿಪ್ಪೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಬೆಸುಗೆ ಹಿಡಿಯೋದಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ ಬೆಸೆದು ಸ್ಲೀವ್ ಹಾಕ್ರಿ. ಜೋಡಣೆ ಆದ ಕೂಡಲೇ ಫ್ಯೂಸ್ ಬರಲಿ, ಮುಂದೆ ಎಲ್ಲಿ ವೈರ್ ತಿಕ್ಕಿ ಶಾರ್ಟ್ ಆದರೂ ಹೊಸದೊಂದೇ ಆರುತ್ತದೆ, ಹಳೆ ಎರಡು ಉಳಿಯುತ್ತವೆ. ಪೆಟ್ರೋಲ್ ಟ್ಯಾಂಕ್ ಮತ್ತು ಪೈಪಿನಿಂದ ದೂರ, ಡಿಕ್ಕಿ ಬಾಗಿಲಿನ ಕೀಲುಗಳ ನಡುವೆ ಸಿಗದಂತೆ ವೈರ್ ಹಾಯಿಸ್ರಿ. ಕಪ್ಪು ವೈರನ್ನು ಪೇಂಟ್ ಕೆರೆದ ಬರಿ ಲೋಹದ ಬೋಲ್ಟಿಗೆ ಸ್ಟಾರ್ ವಾಷರ್ ಹಾಕಿ ಬಿಗಿ ಮಾಡ್ರಿ. ಪದ್ಮಿನಿಯಲ್ಲಿ ಬಾಡಿ ನೆಗೆಟಿವ್. ಇದನ್ನೇ ಹಳೆ ಇಂಗ್ಲಿಷ್ ಗಾಡಿಗೆ ಮಾಡುವವರು ಮೊದಲು ಬ್ಯಾಟರಿ ನೋಡ್ರಿ. ಪಾಸಿಟಿವ್ ಬಾಡಿಗೆ ಹೋಗಿದ್ದರೆ ಎಲ್‌ಇಡಿಯ ಕೆಂಪು ವೈರ್ ಬಾಡಿಗೆ, ಕಪ್ಪು ವೈರ್ ಬ್ರೇಕ್ ವೈರಿಗೆ.

ಕೊನೆಗೆ ಕತ್ತಲಾದ ಮೇಲೆ ಪರೀಕ್ಷೆ. ಬರೀ ಪಾರ್ಕಿಂಗ್ ಲೈಟ್ ಹಾಕ್ರಿ, ಬ್ರೇಕ್ ಮುಟ್ಟಬ್ಯಾಡ್ರಿ. ಮೂರನೇ ಲೈಟ್ ಕೆಂಡದಂತೆ ಮಂಕಾಗಿ ಹತ್ತಿದರೆ ಲೈಟಿನ ತಪ್ಪಲ್ಲ. ಎರಡೂ ಟೇಲ್ ಲೈಟಿನ ಅರ್ಥ್ ಸತ್ತಿದೆ, ಇಲ್ಲವೇ ಒಂದರ ಅರ್ಥ್ ಸತ್ತು ಇನ್ನೊಂದರ ಬ್ರೇಕ್ ಬಲ್ಬ್ ಸುಟ್ಟಿದೆ; ಪಾರ್ಕಿಂಗ್ ಕರೆಂಟ್ ದಾರಿ ಕಾಣದೆ ಬ್ರೇಕಿನ ತಂತಿಯಲ್ಲಿ ಹಿಂದಕ್ಕೆ ಹರಿದು ಹೊಸ ಲೈಟಿಗೆ ಬರುತ್ತಿದೆ. ಎಲ್‌ಇಡಿಗೆ ಅಷ್ಟು ಸಣ್ಣ ಕರೆಂಟೂ ಸಾಕು. ಬಲ್ಬ್ ನೋಡಿ ಹೋಲ್ಡರ್ ಮತ್ತೆ ತಿಕ್ಕ್ರಿ. ಆಮೇಲೆ ಪಾರ್ಕಿಂಗ್, ಇಂಡಿಕೇಟರ್, ಬ್ರೇಕ್ ಮೂರೂ ಒಟ್ಟಿಗೆ ಹಾಕಿ, ಮೂವತ್ತು ಮೀಟರ್ ಹಿಂದೆ ನಿಂತು ನೋಡ್ರಿ. ಯಾವುದೂ ಇನ್ನೊಂದರ ತಾಳಕ್ಕೆ ಮಿಣುಕಬಾರದು.

ಬೆಳಗಾವಿ–ಗೋವಾ ರಸ್ತೆಯ ಚೋರ್ಲಾ ಘಾಟಿನಂಥಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದ ಮೇಲೆ ಇಳಿಯುವಾಗ ಬ್ರೇಕ್ ಲೈಟ್ ಹತ್ತೋದಿಲ್ಲ ಅನ್ನೋದು ನೆನಪಿರಲಿ, ತಿರುವಿಗೆ ಮುಂಚೆ ಪೆಡಲನ್ನು ಒಂದೆರಡು ಸಲ ಮೆಲ್ಲಗೆ ಮುಟ್ರಿ. ಇನ್ನು ಗಾಡಿಗೆ 50 ವರ್ಷ ತುಂಬಿದ ಮೇಲೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ, ಅದು ಮೂಲ ರೂಪದಲ್ಲೇ ಇರಬೇಕಾಗುತ್ತದೆ. ನಿಮ್ಮದಕ್ಕೆ 2034ಕ್ಕೆ ತುಂಬುತ್ತದೆ. ಬಿಚ್ಚಿದ ಎಲ್ಲ ಹಳೆ ಸ್ಕ್ರೂ, ಹಲಗೆ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟುಕೊಳ್ರಿ.